ಚಂದ್ರಿ ನರಗುಂದ ಮುಟ್ಟಿದಳು

ಕಾರಿನ ಎಡಗಡೆಯ ಹಿಂದಿನ ಕಿಟಕಿ ಸರಿಯಾಗಿ ನಾಲ್ಕು ಬೆರಳು ಇಳಿದಿತ್ತು. ಮೂಗು ಹೊರಗೆ ಬರಬೇಕು, ತಲೆ ಬರಬಾರದು. ಅಳತೆ ನನ್ನದೇ.

ಮೂಗು ಚಂದ್ರಿಯದು. ಚಂದ್ರಿ ನಮ್ಮ ನಾಯಿ. ಏಳು ವರ್ಷದ, ಕರಿ ಮೈಯ, ಜವಾರಿ ಹೆಣ್ಣು.

ಅಮೆರಿಕದಲ್ಲಿ ಒಬ್ಬಾಕೆ ನಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಒಂದು ಸಮುದ್ರದಿಂದ ಇನ್ನೊಂದು ಸಮುದ್ರದವರೆಗೆ ಹೋದ ವಿಡಿಯೋಗಳನ್ನು ತಿಂಗಳುಗಟ್ಟಲೆ ನೋಡಿದ್ದೇನೆ. ಮರುಭೂಮಿ, ಹಿಮ, ಉದ್ದುದ್ದ ಸೇತುವೆ. ಎಲ್ಲಿ ನೋಡಿದರೂ ಆ ನಾಯಿ ತಲೆ ಹೊರಹಾಕಿ ನಗುತ್ತಿರುತ್ತದೆ. ನನ್ನ ಆಸೆ ಸಣ್ಣದು. ಗಜೇಂದ್ರಗಡದಿಂದ ರೋಣದ ಮೇಲೆ ಹಾಯ್ದು ನರಗುಂದ. ಅಷ್ಟೂ ಆಗಬಾರದೇ?

ಆಗಿರಲಿಲ್ಲ. ಒಂದು ಸಲ ಊರು ದಾಟಿದ ಕೂಡಲೇ ವಾಪಸು. ಇನ್ನೊಂದು ಸಲ ರೋಣ ಕಾಣುವ ಮೊದಲೇ ವಾಪಸು. ಜೊಲ್ಲು, ಊಳು, ವಾಂತಿ.

ನರಗುಂದದಲ್ಲಿ ನನಗೆ ಕೆಲಸ ಸಿಕ್ಕಿತ್ತು (ಎಂಥ ಕೆಲಸ ಎಂಬುದು ಇಲ್ಲಿ ಬೇಡ). ನಾಯಿ ಇದೆ ಎಂದು ಹೇಳಿದ ಮೇಲೂ ಬಾಡಿಗೆ ಮನೆ ಸಿಕ್ಕಿತ್ತು. ಸೋಮವಾರ ಹಾಜರಾಗಬೇಕು. ಚಂದ್ರಿಯನ್ನು ಬಿಟ್ಟು ಹೋಗೋಣವೆಂದರೆ, ಹಿಂದೊಮ್ಮೆ ನಾನು ತರಬೇತಿಗೆ ಧಾರವಾಡಕ್ಕೆ ಹೋದಾಗ ನಾಲ್ಕು ದಿನ ಅನ್ನ ಮುಟ್ಟದೆ ಗೇಟಿನ ಬಳಿ ಬಿದ್ದಿದ್ದಳು. ಐದನೆಯ ದಿನ ತರಬೇತಿ ಬಿಟ್ಟು ಓಡಿ ಬಂದಿದ್ದೆ. ಈಗ ಹಾಗೆ ಬಂದರೆ ಕೆಲಸ ಉಳಿಯುವುದಿಲ್ಲ. ಭಾನುವಾರದ ಈ ಮೂರನೆಯ ಪ್ರಯತ್ನವೇ ಕೊನೆಯದು.

ಹೊರಡುವಾಗ ಅವ್ವ ಎಂದಿನಂತೆ ನನ್ನ ಅಂಗೈಗೆ ಒಂದು ಚಮಚ ಮೊಸರು ಹಾಕಿದಳು. ಚಂದ್ರಿಗೆ, ಹಿಂದಿನ ಎರಡು ಸಲದಂತೆಯೇ, ಬೋಗುಣಿ ತುಂಬ ಮೊಸರು, ಅದರಲ್ಲಿ ಮುರಿದ ಎರಡು ರೊಟ್ಟಿ.

"ಊರು ಬಿಟ್ಟು ಹೊಂಟಾಗ ಬರೇ ಹೊಟ್ಟೀಲೆ ಕಳಿಸಬಾರದು. ಮೂಕ ಪ್ರಾಣಿ ಬ್ಯಾರೆ," ಅಂದಳು.

ರೋಣ ದಾಟಿದೆವು. (ದಾಖಲೆ!) ಆಮೇಲೆ ಊಳು ಶುರುವಾಯಿತು. ಕಡಲೆ ಕಿತ್ತ ಹೊಲವೊಂದರ ಪಕ್ಕ ಕಾರು ನಿಲ್ಲಿಸುವಷ್ಟರಲ್ಲಿ ಮೊಸರು, ರೊಟ್ಟಿ ಎಲ್ಲ ಸೀಟಿನ ಮೇಲಿತ್ತು. ಇಳಿದು ಬಾಗಿಲು ತೆಗೆದರೆ ಚಂದ್ರಿ ಹೊರಗೆ ಹಾರಿ ನೆಲಕ್ಕೆ ಬಿದ್ದು ಏದುಸಿರು ಬಿಡತೊಡಗಿದಳು. ನಾನು ಮತ್ತೆ ಸ್ಟೇರಿಂಗ್ ಹಿಡಿದು ಕೂತೆ. ಮುಂದೆ ನರಗುಂದ, ಹಿಂದೆ ಮನೆ. ಯಾವ ಕಡೆ ತಿರುಗಿಸಲಿ?

ಹೊಲದಲ್ಲಿ ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬಳು ಕೋಲೂರಿಕೊಂಡು ಬಂದಳು. ಜತೆಗೆ ಎರಡು ನಾಯಿ. ಅವನ್ನು ಒಂದೇ ಗದರಿಕೆಗೆ ಕೂರಿಸಿದಳು.

"ಏನಾಗೇತವ್ವ ಇದಕ್ಕ? ಹಡಿಯಾಕತ್ತೈತೇನು?"

"ಇಲ್ರಿ. ಕಾರ್ ಅಂದ್ರ ಅಂಜತೈತಿ."

"ಅಂಜಿಕಿ ಇದ್ದಂಗಿಲ್ಲ ಬಿಡು. ಹೊಂಟಾಗ ಏನು ಉಣಿಸಿದ್ದಿ?"

ಹೇಳಿದೆ. ಬೋಗುಣಿಯ ಗಾತ್ರವನ್ನು ಕೈಯಲ್ಲಿ ತೋರಿಸಿದೆ. ಆಕೆ ಸೊಂಟದ ಮೇಲೆ ಕೈಯಿಟ್ಟು ನಕ್ಕಳು.

"ಅಷ್ಟು ಉಣಿಸಿ ನಿನ್ನ ಹಿಂಗ ಕುಲುಕಿದ್ರ ನೀ ತಡೀತಿದ್ದೇನು? ಹಾದಿ ಹಿಡಿಯೂ ದಿನ ನಾವು ಮುಂಜಾನೆ ನಾಯಿಗೆ ಏನೂ ಹಾಕೂದಿಲ್ಲ. ಮುಟ್ಟಿದ ಮ್ಯಾಲೆ ಹೊಟ್ಟಿ ತುಂಬ ಹಾಕ್ತೀವಿ."

ಕಾರಿನೊಳಗೆ ಇಣುಕಿದಳು. "ಮತ್ತ ಸೀಟಿನ ಮ್ಯಾಲೆ ಯಾಕ ಕುಂಡ್ರಿಸಿದ್ದಿ? ಇದೇನು ತಹಶೀಲ್ದಾರನಾ? ಕೆಳಗ ನಿನ್ನ ಅರಿವಿ ಹಾಸಿ ಮಲಗಿಸು."

ನಾನು ಪದವಿ ಮೇಲೆ ಪದವಿ ಓದಿದವಳು. ಎರಡು ಸಲ ಸೋತರೂ ಆ ಬೋಗುಣಿಯನ್ನು ಅನುಮಾನಿಸಲೇ ಇಲ್ಲ. ಹೇಗೆ ಅನುಮಾನಿಸಲಿ? ನಮ್ಮ ಕಡೆ ಅಳುವವರಿಗೂ ಊಟ, ಮುನಿಸಿಕೊಂಡವರಿಗೂ ಊಟ, ಹೊರಟವರಿಗಂತೂ ಉಣಿಸಿ ಮೇಲೊಂದು ಬುತ್ತಿ. ಅಕ್ಕರೆಯಿಂದ ಉಪವಾಸ ಕೆಡವುವುದೂ ಉಂಟು ಎಂದು ಯಾರು ಕಲಿಸಿದ್ದಾರೆ?

ಸೀಟು ಒರೆಸಿದೆ. ಅರ್ಧ ತಾಸು ಚಂದ್ರಿಯನ್ನು ಹೊಲದ ಬದುವಿನ ಮೇಲೆ ಅಡ್ಡಾಡಿಸಿದೆ. ಆಮೇಲೆ ಮುಂದಿನ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ ನನ್ನ ಓಢಣಿ ಹಾಸಿದೆ. ಎರಡು ಸುತ್ತು ತಿರುಗಿ ಮುದುಡಿಕೊಂಡಳು. ಗೇರ್ ಹಾಕಿದೆ. ಊಳಿಲ್ಲ. ಒಂದು ಹಳ್ಳಿ ದಾಟಿತು, ಇನ್ನೊಂದು ದಾಟಿತು. ಆಗ ಕೇಳಿಸಿತು, ಗೊರಕೆ!

ನರಗುಂದದ ಗುಡ್ಡ ಕಂಡಿತು. ನಾನು ಹಾಡುವವಳಲ್ಲ. ಹಾಡಿದೆ, ಗಟ್ಟಿಯಾಗಿ, ಊರೊಳಗೆ ಹೋಗುವವರೆಗೂ.

ಮನೆಯೊಡತಿ ಬಾಗಿಲಲ್ಲೇ ನಿಂತಿದ್ದರು. "ನಾಯಿ ಅಂದಿದ್ರಿ, ಇದು ಕರಾ ಇದ್ದಂಗ ಐತಲ್ರಿ!" ಅಂದರು. ಅಂದವರೇ ಒಳಗೆ ಹೋಗಿ ನೀರು ತಂದಿಟ್ಟರು. ಚಂದ್ರಿ ಕುಡಿದಳು. ಆಮೇಲೆ ಹೊಟ್ಟೆ ತುಂಬ ಉಂಡಳು.

ಸಂಜೆ ಅವ್ವನ ಫೋನು. "ನೋಡು, ಮೊಸರು ಉಣಿಸಿ ಕಳಿಸಿದ್ದಕ್ಕ ಸುಸೂತ್ರ ಮುಟ್ಟೀರಿ."

"ಹೌದವ್ವಾ," ಅಂದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಕಚೇರಿ ಸೇರಿದೆ. ಭರ್ತಿ ಮಾಡಲು ಫಾರ್ಮ್ ಕೊಟ್ಟರು. "ಸ್ಥಳೀಯ ವಿಳಾಸದಲ್ಲಿ ನಿಮ್ಮೊಂದಿಗೆ ವಾಸಿಸುವವರ ಸಂಖ್ಯೆ" ಎಂಬಲ್ಲಿ, ಪೆನ್ನು ಎತ್ತದೆ, "ಒಂದು" ಎಂದು ಬರೆದೆ.