ಚಾ ಮುಗಿಯುವ ತನಕ

ಬಿಸಿಲಿಗೆ ಕಾದ ಕಟ್ಟೆಯ ಮೇಲೆ ನೀರು ಸುರಿದಾಗ ಒಂದು ವಾಸನೆ ಏಳುತ್ತದಲ್ಲ, ನಿಮಗೂ ಗೊತ್ತಿರಬೇಕು, ಅದೇ ನನ್ನ ತಲೆ ಕೆಡಿಸಿತು. ಅಮೆರಿಕದ ಶಾರ್ಲೆಟ್‌ನಲ್ಲಿ ಮನೆ ಕೊಳ್ಳಲು ಅಲೆಯುತ್ತಿದ್ದ ಬೇಸಿಗೆ ಅದು. ಹಿಂದೆ ಟ್ರಾಮ್ ಓಡುತ್ತಿದ್ದ ಬೀದಿಯಲ್ಲಿ, ನೂರು ವರ್ಷ ದಾಟಿದ ಮನೆಯೊಂದರ ಮುಂದೆ, ಅದನ್ನು ಮಾರಲಿದ್ದ ಮುದುಕಿ ಪೈಪು ಹಿಡಿದು ಇಟ್ಟಿಗೆಯ ಮೆಟ್ಟಿಲು ತೊಳೆಯುತ್ತಿದ್ದಳು. ನಾನು ಒಳಗೆ ಹೋಗಲೇ ಇಲ್ಲ. ಮುಂದಿನ ಜಗಲಿಯಂಥ ಪೋರ್ಚಿನ ಅಂಚಿಗೆ ಕೂತುಬಿಟ್ಟೆ. ಮೂಗಿಗೆ ಊರಿನ ನಮ್ಮ ಓಣಿ ಬಂದಿತ್ತು.

ಆ ಓಣಿಯ ನಮ್ಮ ಮನೆಗೆ ಬಾಗಿಲಿನ ಎರಡೂ ಬದಿ ಕಲ್ಲಿನ ಕಟ್ಟೆ. ಬಲಗಡೆಯದು ಆಯಿಯದು, ಅಂದರೆ ಅಪ್ಪನ ತಾಯಿಯದು. ಸಂಜೆ ನೀರು ಹೊಡೆದು, ಕಲ್ಲು ಆರುವ ಮೊದಲೇ ಕೂತು, ಹೋಗಿಬರುವವರನ್ನೆಲ್ಲ "ಚಾ ಆತೇನವಾ?" ಎಂದು ನಿಲ್ಲಿಸುತ್ತಿದ್ದಳು. ಅವಳಿಗೆ ಒರಗಿ ಶೇಂಗಾ ಸುಲಿಯುತ್ತ ನಾನು ಊರ ಸುದ್ದಿಯೆಲ್ಲ ಕೇಳಿದ್ದು ಅಲ್ಲೇ. ಒಂದು ದಿನ ರಸ್ತೆ ಅಗಲ ಮಾಡುವವರು ಬಂದು ಗೋಡೆಗೆ ಕೆಂಪು ಗೆರೆ ಎಳೆದರು. ಕಟ್ಟೆ ಗೆರೆಯಾಚೆ, ರಸ್ತೆಯ ಪಾಲಿಗೆ ಉಳಿಯಿತು. ಹಾರೆ ಹಿಡಿದು ಬಂದವರ ಮುಂದೆ ಆಯಿ ಕಪ್ಪಿನ ಚಹಾ ಬಸಿಗೆ ಸುರಿದುಕೊಂಡು ಕಟ್ಟೆಯ ಮೇಲೆ ಕೂತಳು. "ಚಾ ಮುಗೀಲಿ. ಅಲ್ಲೀತನಕಾ ನಾ ಏಳಂಗಿಲ್ಲ." ಪಾಪ, ಅವರೂ ನಿಂತರು. ಆದರೆ ಚಹಾ ಮುಗಿಯಿತು. ಆಯಿ ಎದ್ದಳು. ಕಟ್ಟೆ ಹೋಯಿತು. ಆಮೇಲೆ ಪಡಸಾಲೆಯಲ್ಲಿ ಕೂತೇ ಚಪ್ಪಲಿ ಸದ್ದಿಗೆ "ಯಾರವಾ ಅದು?" ಎನ್ನುತ್ತಿದ್ದಳು, ಲಾರಿಗಳ ಗದ್ದಲದಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಜೊತೆಗೆ ಬಂದಿದ್ದ ಗಂಡ ವಿನಯ್‌ಗೆ ಊರಂಚಿನ ಹೊಸ ಬಡಾವಣೆ ಬ್ಯಾಲಂಟೈನ್‌ನ ಹೊಸ ಮನೆಯ ಮೇಲೆ ಕಣ್ಣು. ಮನೆ ತೋರಿಸುತ್ತಿದ್ದ ಮೈಸೂರಿನ ಶ್ರೀಧರ್ ಕೂಡ ಅವನ ಪರ. "ಮೇಡಂ, ಇದು ಹಿಸ್ಟಾರಿಕ್ ಡಿಸ್ಟ್ರಿಕ್ಟು. ನಾಳೆ ಈ ಪೋರ್ಚ್ ತೆಗೆದು ರೂಮ್ ಮಾಡ್ತೀನಿ ಅಂದ್ರೆ ಸಿಟಿಯವ್ರು ಬಿಡಲ್ಲ," ಎಂದು ಹೆದರಿಸಿದರು.

"ಇನ್ನೊಮ್ಮೆ ಹೇಳ್ರಿ," ಎಂದೆ.

"ಪರ್ಮಿಷನ್ ಇಲ್ದೆ ಇದನ್ನ ಯಾರೂ ಒಡೆಯೋ ಹಾಗಿಲ್ಲ ಮೇಡಂ."

"ಹಂಗಾರ ಇದೇ ಮನಿ."

"ಏಯ್, ಕಿಚನ್ನೇ ನೋಡಿಲ್ವಲ್ಲೇ!" ಎಂದು ವಿನಯ್ ತಲೆ ಚಚ್ಚಿಕೊಂಡ. ಅಡುಗೆಮನೆ ಇಕ್ಕಟ್ಟು, ನಿಜ. ಇಬ್ಬರು ನಿಂತರೆ ಮೊಣಕೈ ತಾಗುತ್ತದೆ. ತಾಗಲಿ. ಇವಳಿಗೆ ಹುಚ್ಚು ಎಂದು ಗೆಳತಿಯರು ಆಡಿಕೊಂಡರು. ಆಡಿಕೊಳ್ಳಲಿ. ಮನೆ ಕೊಂಡೆವು.

ಬಂದ ಮೊದಲ ಸಂಜೆ ಮೆಟ್ಟಿಲಿಗೆ ನೀರು ಹೊಡೆದು, ಬಸಿಗೆ ಚಹಾ ಸುರಿದುಕೊಂಡು ಪೋರ್ಚಿನ ಬಲಗಡೆ ಕೂತೆ. ನಾಯಿ ಹಿಡಿದು ಹೋಗುತ್ತಿದ್ದವರು ಕೈ ಬೀಸಿದರು. ಆಯಿ ಇದ್ದಿದ್ದರೆ ನಾಯಿಯನ್ನೂ ಮಾತಾಡಿಸುತ್ತಿದ್ದಳು. ಒಳಗಿನಿಂದ ವಿನಯ್ ಕೂಗಿದ: "ಬಾಕ್ಸೆಲ್ಲ ಹಾಗೇ ಬಿದ್ದಿದೆ. ಏಳ್ತೀಯೋ ಇಲ್ವೋ?"

"ಚಾ ಮುಗೀಲಿ," ಎಂದೆ. ಬಸಿ ಬರಿದಾಗಿ ಬಹಳ ಹೊತ್ತಾಗಿತ್ತು.