ಓದುವ ಕೋಣೆಗೆ ಚೌಡಮ್ಮನ ಕಾವಲು

ಮರ ಹತ್ತಿ ಅಡಿಕೆ ಕೊನೆ ತೆಗೆದ ಕೂಲಿ ನಲವತ್ತೊಂದು ಸಾವಿರ ಜಯಪ್ಪನಿಗೆ ಇನ್ನೂ ಬಂದಿಲ್ಲ. ಕೊಡಬೇಕಾದವನು ಚೇಣಿ ವಿಘ್ನೇಶ್ವರ. ಹೊಸನಗರದ ಸುತ್ತಿನ ತೋಟಗಳ ಅಡಿಕೆ ಫಸಲನ್ನು ಮರದ ಮೇಲಿರುವಾಗಲೇ ಚೇಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯುವ ಆಸಾಮಿ. ಬಾಕಿ ಕೇಳಲು ಹೋದಾಗೆಲ್ಲ ಚಹಾ ಕುಡಿಸಿ ಕಳಿಸುತ್ತಾನೆ. ಒಮ್ಮೆ ಚಹಾದ ಜೊತೆ ಒಂದು ತಗಡಿನ ಬೋರ್ಡನ್ನೂ ಪುಕ್ಕಟೆ ಕೊಟ್ಟ: ‘ಇಲ್ಲಿ ಸಿಗಂದೂರು ಚೌಡಮ್ಮ ದೇವಿಯ ಕಾವಲಿದೆ.’

ನಮ್ಮ ಕಡೆ ಈ ಬೋರ್ಡನ್ನು ತೋಟದ ಬೇಲಿಗೆ ಹೊಡೆಯುತ್ತಾರೆ. ಪೊಲೀಸರಿಗೆ ಹೆದರದ ಕಳ್ಳನೂ ಇದಕ್ಕೆ ಹೆದರುತ್ತಾನೆ. ಜಯಪ್ಪನಿಗೆ ತೋಟವಿರಲಿಲ್ಲ, ಮಗಳಿದ್ದಳು. ಸುಪ್ರಿಯಾ ಡಾಕ್ಟರಾಗಬೇಕೆಂದು ನೀಟ್ ಪರೀಕ್ಷೆಗೆ ಓದುತ್ತಿದ್ದಳು. ಹುಲಿಕಲ್ಲಿನ ಆ ಸಣ್ಣ ಮನೆಯಲ್ಲಿ ಅವಳು ಓದುವ ಕೋಣೆಗೆ ನೆಂಟರು, ನೆರೆಯವರು ಎಲ್ಲರೂ ನುಗ್ಗುತ್ತಿದ್ದರು. ಜಯಪ್ಪ ಆ ಬಾಗಿಲಿಗೇ ಬೋರ್ಡು ಹೊಡೆದ. ಅವತ್ತಿನಿಂದ ಯಾರೂ ಹೊಸ್ತಿಲು ದಾಟಲಿಲ್ಲ. ಅವಳ ತಾಯಿ ಶೇಷಮ್ಮ ಕೂಡ ಕೈಮುಗಿದೇ ಕಸ ಗುಡಿಸಲು ಒಳಗೆ ಹೋಗುತ್ತಿದ್ದಳು.

ಫಲಿತಾಂಶ ಬಂತು. ಏಳುನೂರ ಇಪ್ಪತ್ತಕ್ಕೆ ಇನ್ನೂರ ಎಪ್ಪತ್ತು. ಪಾಸು ಹೌದು, ಸರ್ಕಾರಿ ಸೀಟಿನ ಹತ್ತಿರಕ್ಕೂ ಇಲ್ಲ.

ಪಕ್ಕದ ಮನೆ ರಂಗಮ್ಮ ಅಂಗಳದಿಂದಲೇ ಕೂಗಿದಳು: “ಎಂತ ಆತೇ ಡಾಕ್ಟ್ರಮ್ಮ? ನನ್ನ ಮಂಡಿನೋವು ಇನ್ನೆಷ್ಟು ವರ್ಷ ಕಾಯ್ಬೇಕು?”

“ಇನ್ನೊಂದೇ ವರ್ಷ,” ಎಂದಳು ಶೇಷಮ್ಮ. “ತೀರ್ಥಹಳ್ಳೀಲಿ ಕೋಚಿಂಗಿಗೆ ಹಾಕ್ತೀವಿ. ಮತ್ತೆ ಬರೀತಾಳೆ.”

ಬರೆಯುವವಳನ್ನು ಯಾರೂ ಕೇಳಲಿಲ್ಲ. ಸಾಗರದಲ್ಲಿ ಬಿಎಸ್ಸಿ ಸೇರುತ್ತೇನೆ ಎಂಬ ಮಾತು ಸುಪ್ರಿಯಾಳ ಗಂಟಲವರೆಗೆ ಬರುತ್ತಿತ್ತು, ಬೋರ್ಡು ಕಂಡರೆ ಒಳಗೇ ಇಳಿಯುತ್ತಿತ್ತು. ದೇವಿಯನ್ನು ಕಾವಲಿಗೆ ನಿಲ್ಲಿಸಿ, ಓದುವವಳೇ ಎದ್ದು ಹೋಗುವುದೇ? ಬೇಲಿ ನುಗ್ಗಿ ಎಳನೀರು ಕದ್ದವನ ಬಾಯಿ ಸೊಟ್ಟಗಾದ ಕತೆ ಕೇಳಿಕೊಂಡೇ ಬೆಳೆದ ಹುಡುಗಿ ಅವಳು. ಪುಸ್ತಕ ಬಿಚ್ಚಿದರೆ ಓದಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಹಿಂದೊಮ್ಮೆ ಮರದಿಂದ ಜಾರಿ ಸೊಂಟ ಮುರಿದುಕೊಂಡ ಮೇಲೆ ಜಯಪ್ಪ ಮಳೆಗಾಲದಲ್ಲಿ ಮರ ಹತ್ತುವುದನ್ನು ಬಿಟ್ಟಿದ್ದ. ಕೋಚಿಂಗ್ ಫೀಸಿನ ಮಾತು ಬಂದದ್ದೇ, ಮಳೆಯಲ್ಲಿ ಅಡಿಕೆಗೆ ತಗಲುವ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮತ್ತೆ ಮರ ಹತ್ತಲು ಹೊರಟ. ಪಾಚಿಗಟ್ಟಿದ ಅಡಿಕೆ ಮರದಲ್ಲಿ ಕಾಲು ನಿಲ್ಲುವುದಿಲ್ಲ. ಆದರೂ ಕೆಳಗಿಳಿಯದೆ ಒಂದು ಮರವನ್ನು ಬಗ್ಗಿಸಿ ಇನ್ನೊಂದನ್ನು ಹಿಡಿಯುವುದೇ ಈ ಕೆಲಸದ ರೀತಿ.

ಒಂದು ಮಧ್ಯಾಹ್ನ, ಅವನು ಔಷಧಿ ಹೊಡೆಯುತ್ತಿದ್ದ ಪಕ್ಕದ ತೋಟದ ಕಡೆಯಿಂದ ಧೊಪ್ಪೆಂದು ಸದ್ದು ಬಂತು. ಸುಪ್ರಿಯಾ ಬರಿಗಾಲಲ್ಲಿ ಓಡಿದಳು. ಬಿದ್ದಿದ್ದು ಅಪ್ಪನಲ್ಲ, ಹಾಳೆ ಸಮೇತ ಕಳಚಿದ ಒಂದು ಅಡಿಕೆ ಗರಿ. ಜಯಪ್ಪ ಮರದ ತುದಿಯಿಂದಲೇ ಗದರಿದ: “ಎಂತಕ್ಕೆ ಬಂದ್ಯೇ? ಹೋಗು, ಓದ್ಕ ಹೋಗು!” ಅವಳು ಕೆಸರಲ್ಲೇ ಕೂತಳು.

ಸಂಜೆ ಸುತ್ತಿಗೆ ಹಿಡಿದು ಬೋರ್ಡಿನ ಮೊಳೆ ಕೀಳತೊಡಗಿದಳು.

“ಅಯ್ಯೋ, ಕೀಳಬ್ಯಾಡ್ವೇ!” ಶೇಷಮ್ಮ ಚೀರಿದಳು. “ದೇವಿ ಸುಮ್ನೆ ಬಿಡ್ತಾಳಾ?”

“ನಂಗೂ ಅದೇ ಹೆದ್ರಿಕೆ ಅಮ್ಮ.” ಸುತ್ತಿಗೆ ಜಾರಿ ಹೆಬ್ಬೆರಳಿಗೆ ಬಿತ್ತು. “ಇದು ಪುಸ್ತಕ ಕಾಯ್ತದೆ. ಮರದ ಮೇಲೆ ಅಪ್ಪನ್ನ ಯಾರು ಕಾಯ್ತಾರೆ?”

ಮೈಯೆಲ್ಲ ನೀಲಿ ಔಷಧಿ ಮೆತ್ತಿಕೊಂಡು ಬಂದ ಜಯಪ್ಪ ಖಾಲಿ ಬಾಗಿಲು ನೋಡಿದ. “ನಾನೇನ್ ಸತ್ತೋದ್ನೇನೇ ಮಾರಾಯ್ತಿ? ಇನ್ನೊಂದ್ ಸಲ ಬರಿ.”

“ನೀ ಮರ ಇಳಿ. ಬರೀತೀನಿ.”

“ಇಳಿದ್ರೆ ಫೀಸು ಯಾರು, ನಿನ್ನಜ್ಜ ಕೊಡ್ತಾನಾ?”

“ವಿಘ್ನೇಶ್ವರಣ್ಣ ಕೊಡ್ಲಿ. ನಿನ್ನ ಕೂಲಿ ಬಂದ್ರೆ ಮತ್ತೆ ಬರೀತೀನಿ. ಬರ್ಲಿಲ್ಲ ಅಂದ್ರೆ ಸಾಗರಕ್ಕೆ ಹೋಗ್ತೀನಿ. ನಿನ್ನ ಜೀವ ಒತ್ತೆ ಇಟ್ಟು ನಾ ಬರೆಯಲ್ಲ.”

ಮಾರನೇ ಬೆಳಿಗ್ಗೆ ಜಯಪ್ಪ ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ವಿಘ್ನೇಶ್ವರನ ಮನೆಗೆ ಹೋದ. ವಾಪಸು ತಗೋ ಎಂದು ಚಾಚಿದ್ದೇ, ವಿಘ್ನೇಶ್ವರ ಎರಡು ಹೆಜ್ಜೆ ಹಿಂದೆ ಸರಿದ.

“ಹೊಡೆದಿದ್ದನ್ನ ಕಿತ್ಕಂಡ್ ಬಂದ್ಯಾ? ನಂಗೆ ಬ್ಯಾಡಪ್ಪ, ಮುಟ್ಟಲ್ಲ.”

“ಕೂಲಿ?”

“ಮುಂದಿನ ವಾರ ನೋಡಣ. ಕೂತ್ಕ, ಚಹಾ ಕುಡಿ.”

ಜಯಪ್ಪ ಕೂರಲಿಲ್ಲ. ದೇವಿಯ ಹೆಸರು ಮುಟ್ಟಲು ಹೆದರುವವನು ಬಡವನ ಕೂಲಿ ನುಂಗಲು ಹೆದರಲಿಲ್ಲ.

ಮುಂದಿನ ವಾರ ಬಂತು, ಹೋಯಿತು. ಸುಪ್ರಿಯಾ ಸಾಗರದ ಕಾಲೇಜಿಗೆ ಸೇರಿದಳು. ಜಯಪ್ಪ ಆ ಮಳೆಗಾಲ ಮುಗಿಯುವ ತನಕ ಮರ ಹತ್ತಲಿಲ್ಲ. ಕೊಯ್ಲು ಬಂದ ಮೇಲೆ ಹತ್ತಿದ. ಹತ್ತದೆ ಉಣ್ಣುವುದೇನನ್ನು? ಈಗಲೂ ಮನೆಯಿಂದ ಹೊತ್ತಲ್ಲದ ಹೊತ್ತಿಗೆ ಫೋನು ಬಂದರೆ ಸುಪ್ರಿಯಾ ತೆಗೆಯುವುದಿಲ್ಲ. ಪಕ್ಕದಲ್ಲಿರುವ ಗೆಳತಿಯ ಕೈಗೆ ಕೊಟ್ಟು, “ನೀನೇ ಕೇಳು,” ಅನ್ನುತ್ತಾಳೆ.

ಓದುತ್ತಿರುವವರೇ, ನಿಮ್ಮ ತೋಟದ ಮರವನ್ನೂ ಯಾರೋ ಒಬ್ಬ ಹತ್ತಿ ಇಳಿದಿದ್ದಾನೆ. ಅವನ ಬಾಕಿ ಇದೆಯೇ? ಚಹಾ ಬೇಡ, ಮುಂದಿನ ವಾರ ಬೇಡ. ಈಗಲೇ ಎದ್ದು ಹೋಗಿ ಕೊಟ್ಟು ಬನ್ನಿ.