ರಜೆಗೆ ಹೋದ ಅಡುಗೆಮನೆ

ಈಸ್ಟ್ ಹ್ಯಾಮ್‌ನ ಹೈ ಸ್ಟ್ರೀಟ್ ನಾರ್ತ್‌ನಲ್ಲಿ ಕರುಣಾಕರನ ತುಪ್ಪದ ದೋಸೆಗೆ ಭಾನುವಾರ ಜನ ಮಳೆಯಲ್ಲೂ ಸಾಲು ನಿಲ್ಲುತ್ತಾರೆ. ತಿಂದವರು ರೆಸ್ಟೋರೆಂಟಿನ ಒಳಬಾಗಿಲಿಗೆ ಬಂದು, ಇಂಥ ಗಂಡನನ್ನು ಪಡೆದವಳು ಪುಣ್ಯವಂತೆ ಎಂದು ಹೇಳಿ ಹೋಗುವುದುಂಟು. ಆ ಪುಣ್ಯವಂತೆಯ ಹೆಸರು ಸುಗಂಧಿ. ಮಗಳು ಸಮೀಕ್ಷಾ ಕಾಲೇಜಿಗೆ ಹೋಗುವಷ್ಟು ಬೆಳೆದರೂ, ಗಂಡ ಮನೆಯಲ್ಲಿ ಮಾಡಿದ ಒಂದು ಲೋಟ ಚಹಾವನ್ನೂ ಅವಳು ಕುಡಿದದ್ದಿಲ್ಲ.

"ಇಡೀ ದಿನ ಬೆಂಕಿ ಎದ್ರ್ ನಿಂತವ, ಮನಿಗ್ ಬಂದೂ ನಿಲ್ಲುಕಾತ್ತಾ?" ಎನ್ನುವುದು ಕರುಣಾಕರನ ವಾದ. ನ್ಯಾಯವಾದ ಮಾತೇ. ಸುಗಂಧಿ ಸ್ಟ್ರಾಟ್‌ಫರ್ಡ್‌ನ ಲಾಡ್ಜೊಂದರಲ್ಲಿ ದಿನವಿಡೀ ಪರರ ಹಾಸಿಗೆ ಸರಿಮಾಡಿ, ಪರರ ಬಚ್ಚಲು ಉಜ್ಜಿ ಬರುತ್ತಾಳೆ. ಹಾಗೆಂದು ಮನೆಯ ಹಾಸಿಗೆಯಿಂದ, ಮನೆಯ ಬಚ್ಚಲಿನಿಂದ ಅವಳಿಗೆ ಬಿಡುಗಡೆ ಉಂಟೇ ಎಂದು ಯಾರೂ ಕೇಳಿಲ್ಲ. ದುಡಿದು ದಣಿಯುವ ಹಕ್ಕು ಆ ಫ್ಲ್ಯಾಟಿನಲ್ಲಿ ಒಬ್ಬರಿಗೆ ಮಾತ್ರ.

ಕಳೆದ ಆಗಸ್ಟಿನಲ್ಲಿ ರೆಸ್ಟೋರೆಂಟಿನ ನೆಲ ಕಿತ್ತು ಹೊಸದು ಹಾಕಲು ಮಾಲೀಕರು ಬಾಗಿಲು ಮುಚ್ಚಿದರು. ಅಲ್ಲಿನ ಮೂವರು ಅಡುಗೆಯವರು ಮನೆಯವರನ್ನೂ ಕರೆದುಕೊಂಡು ಒಟ್ಟಿಗೆ ಮಾರಿಷಸ್‌ಗೆ ಹೋಗುವುದೆಂದು ತೀರ್ಮಾನಿಸಿದರು. ಕರುಣಾಕರ, ಅವನ ಗೆಳೆಯ ಭೋಜ, ಇನ್ನೂ ಮದುವೆಯಾಗದ ಅನೀಶ್. ಮೂವರೂ ಕುಂದಾಪುರದ ಕಡೆಯವರು.

"ಹೋಟ್ಲಗೇ ಉಳ್ಕಂಬ. ತಿಂಡಿ, ಊಟ ಎಲ್ಲ ಅಲ್ಲೇ ಸಿಕ್ಕತ್," ಎಂದಳು ಸುಗಂಧಿ.

"ಹೋಟ್ಲ್ ಊಟವಾ?" ಕರುಣಾಕರ ಮುಖ ಸಿಂಡರಿಸಿದ. "ಅದ್ರಗೆ ಎಂತೆಲ್ಲ ಹಾಕ್ತ್ರ್ ಅಂದ್ ನಂಗ್ ಗೊತ್ತಿತ್."

ಹೀಗೆ ಹೋಟೆಲಿನಲ್ಲೇ ಬದುಕು ಕಟ್ಟಿಕೊಂಡವರು ಹೋಟೆಲಿನ ಊಟಕ್ಕೆ ಹೆದರಿ, ದ್ವೀಪದ ಉತ್ತರ ಕರಾವಳಿಯಲ್ಲಿ ಅಡುಗೆಮನೆಯುಳ್ಳ ಒಂದು ಮನೆ ಹಿಡಿದರು. ಗಂಡಸರ ಪೆಟ್ಟಿಗೆಗಳಲ್ಲಿ ಚಡ್ಡಿ, ಕಪ್ಪು ಕನ್ನಡಕಗಳಿದ್ದವು. ಸುಗಂಧಿಯ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ಮಸಾಲೆ ಪುಡಿ, ಕುಕ್ಕರ್.

ಮನೆಯಿದ್ದ ಊರು ಬಲು ಗಿಜಿಗಿಜಿ. ಕಡಲ ತುಂಬ ಬಿಳಿ ದೋಣಿ, ದಂಡೆಯುದ್ದಕ್ಕೂ ಅಂಗಡಿ, ಹಾಡು, ಬಸ್ಸಿನ ಹಾರನ್ನು. ಅಷ್ಟೂ ಗದ್ದಲ ಸುಗಂಧಿಗೆ ಸಿಂಕಿನ ಮೇಲಿನ ಕಿಟಕಿಯಿಂದ ಕೇಳಿಸುತ್ತಿತ್ತು. ಬೆಳಿಗ್ಗೆ ಗಂಡಸರು ದಂಡೆಗೆ ಹೋಗಿ ಮೀನು ತರುವರು. "ತಾಜಾ ಇತ್ತ್," ಎಂದು ತಾವೇ ಹೆತ್ತವರಂತೆ ಹೇಳಿ, ಚೀಲವನ್ನು ಕಟ್ಟೆಯ ಮೇಲಿಟ್ಟು ಜಗಲಿಯಲ್ಲಿ ಬಿಯರ್ ಬಿಚ್ಚುವರು. ಸುಗಂಧಿಯೂ ಭೋಜನ ಹೆಂಡತಿ ಜಲಜಾಕ್ಷಿಯೂ ಮೀನು ಹೆಚ್ಚಿ, ಮಸಾಲೆ ಅರೆದು, ಬಡಿಸುವರು. ಅನೀಶನಿಗೆ ಹೆಂಡತಿ ಇಲ್ಲದಿದ್ದರೂ ಬೇಯಿಸಿ ಹಾಕಲು ಇಬ್ಬರಿದ್ದರು. ಊಟಕ್ಕೆ ಕೂತಾಗ ಮಾತ್ರ ಮೂವರ ವೃತ್ತಿಯೂ ಎಚ್ಚರಗೊಳ್ಳುತ್ತಿತ್ತು. "ಹುಳಿ ಒಂಚೂರ್ ಮುಂದಾಯ್ತ್, ಅತ್ಗಿ."

ಪಾತ್ರೆ ತೊಳೆದು ದಂಡೆ ಮುಟ್ಟುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ಕೊನೆಯ ದಿನ ಬೆಳಗಿನಿಂದ ಸಂಜೆಯವರೆಗೆ ತಾನು ಕಡಲಲ್ಲಿರಬೇಕು ಎಂದು ಸುಗಂಧಿ ಕೇಳಿಕೊಂಡಳು. ಕರುಣಾಕರ ಉದಾರವಾಗಿ ಒಪ್ಪಿದ. ಅದರ ಹಿಂದಿನ ಸಂಜೆ ಬಂದು ಹೇಳಿದ:

"ನಾಳಿ ಈ ಮನಿ ಓನರ್ ಮನಿಯವ್ರ್ ಊಟಕ್ ಬತ್ರ್. ನಾ ಶೆಫ್ ಅಂದ್ ತಿಳ್ದ್ ಅವ್ರಿಗ್ ಭಾರೀ ಖುಷಿ. ಕೋಳಿ ಸುಕ್ಕ ಮಾಡುವ."

"ಮಾಡುವ ಅಂದ್ರೆ ಯಾರ್?"

"ನಾ ಹೇಳಿ ಕೊಡ್ತೆ, ನೀ ಮಾಡ್."

"ನಾಳಿನ್ ದಿನ ನಂದಲ್ದಾ?"

"ಕುಂದಾಪ್ರದವಳಿಗೆ ಕಡ್ಲಿನ್ ಹುಚ್ಚಾ?" ಕರುಣಾಕರ ನಕ್ಕ. "ಹುಟ್ಟಿ ಬೆಳ್ದದ್ದೇ ಅದ್ರ್ ಬಗಲಗೆ."

ಬೆಳೆದದ್ದೇನೋ ನಿಜ. ಅಲ್ಲಿ ಅವಳು ಕಡಲಿಗೆ ಹೋಗುತ್ತಿದ್ದುದು ಒಣಮೀನು ಹರಡಲು, ಸಂಜೆ ಅದನ್ನು ಬಳಿದು ಬುಟ್ಟಿಗೆ ತುಂಬಲು. ಅಣ್ಣಂದಿರು ಈಜುತ್ತಿದ್ದರು. ಅವಳು ಕಾಗೆ ಓಡಿಸುತ್ತಿದ್ದಳು.

"ಡ್ಯಾಡ್, ಯು ಆರ್ ಲಿಟರಲಿ ಅ ಶೆಫ್," ಎಂದಳು ಸಮೀಕ್ಷಾ, ಫೋನಿನಿಂದ ತಲೆಯೆತ್ತದೆ.

"ನೀ ಸುಮ್ನೆ ಕೂಕೊ."

ಮರುದಿನ ಗಂಡಸರು ಏಳುವ ಮೊದಲೇ ಸುಗಂಧಿ ಜಲಜಾಕ್ಷಿಯನ್ನೂ ಮಗಳನ್ನೂ ಎಬ್ಬಿಸಿ ಹೊರಟಳು. ಕೋಳಿ ಫ್ರಿಜ್ಜಿನಲ್ಲಿ ಇಡಿಯಾಗಿಯೇ ಇತ್ತು.

"ಬಂದವ್ರ್ ಎಂತ ಅಂಬ್ರ್ ಮಾರಾಯ್ತಿ?" ಜಲಜಾಕ್ಷಿ ಗೇಟಿನಲ್ಲಿ ನಿಂತಳು.

"ಮನಿ ಒಳ್ಗ್ ಮೂರ್ ಜನ ಶೆಫ್ ಇದ್ರ್. ಉಪವಾಸ ಕಳ್ಸ್ತ್ರಾ?"

ದಂಡೆಯ ಗಾಳಿಮರಗಳ ನೆರಳಲ್ಲಿ ಹೆಂಗಸೊಬ್ಬಳು ಗಾಜಿನ ಪೆಟ್ಟಿಗೆಯಿಟ್ಟು, ಕಡಲೆಬೇಳೆ ತುಂಬಿದ ತೆಳ್ಳನೆಯ ರೊಟ್ಟಿಗೆ ಖಾರದ ಪಲ್ಯ ಸವರಿ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದಳು. ಸುಗಂಧಿ ನಿಂತಲ್ಲೇ ತಿಂದಳು. ಮತ್ತೊಂದು ತೆಗೆದುಕೊಂಡಳು. ಚೂಡಿದಾರದಲ್ಲೇ ನೀರಿಗಿಳಿದು ಕುತ್ತಿಗೆಯವರೆಗೆ ಕೂತಳು. ಚೀಲದಲ್ಲಿದ್ದ ಫೋನು ಮಧ್ಯಾಹ್ನದವರೆಗೆ ಬಡಿದುಕೊಂಡು ತಾನಾಗಿ ಸುಸ್ತಾಯಿತು.

ಸಂಜೆ ಮರಳಿದಾಗ ಅತಿಥಿಗಳು ಏಳುತ್ತಿದ್ದರು. ಮನೆ ಮಾಲೀಕನ ತಾಯಿ ಸುಗಂಧಿಯ ಗಲ್ಲ ಹಿಡಿದು, ಹೆಂಡತಿಯನ್ನು ತಿರುಗಾಡಲು ಕಳಿಸಿ ತಾನೇ ಅಡುಗೆ ಮಾಡುವ ಗಂಡ ಯಾರಿಗೆ ಸಿಗುತ್ತಾನೆ ಎಂದು ಹಿಂದಿಯಲ್ಲಿ ಕೇಳಿದಳು. ಕರುಣಾಕರ ವಿನಯದಿಂದ ನೆಲ ನೋಡಿದ.

ಒಳಗೆ ಮನೆಯಲ್ಲಿದ್ದ ಪಾತ್ರೆಗಳೆಲ್ಲ ಎಣ್ಣೆ ಬಳಿದುಕೊಂಡು ಗುಡ್ಡೆ ಬಿದ್ದಿದ್ದವು. ರೆಸ್ಟೋರೆಂಟಿನಲ್ಲಿ ಇವರು ಬಾಣಲೆ ಹಿಂದಕ್ಕೆ ತಳ್ಳಿದರೆ ಅದು ತೊಳೆದು ಮರಳುತ್ತದೆ. ಯಾರ ಕೈಯಿಂದ ಎಂದು ತಿರುಗಿ ನೋಡಿದವರಲ್ಲ.

"ಅಡ್ಗಿ ನಾವ್ ಮಾಡ್ದೊ," ಎಂದ ಭೋಜ. "ಇನ್ ಪಾತ್ರಿ..."

"ನಿಮ್ಮಲ್ ಪಾತ್ರಿ ತೊಳೂಕೆ ಜನ ಇದ್ರಲೆ, ಭೋಜಣ್ಣ. ಈಸ್ಟ್ ಹ್ಯಾಮಿಗ್ ಫೋನ್ ಮಾಡಿ."

ಸುಗಂಧಿ ಕಾಲಿನ ಮರಳು ತೊಳೆದುಕೊಂಡು ಮಲಗಿದಳು. ಬೆಳಿಗ್ಗೆ ಕೀಲಿಕೈ ಪಡೆಯಲು ಮಾಲೀಕ ಬರುವವನಿದ್ದ. ಹೆಂಡತಿಯರ ಮುಂದೆ ಹುಟ್ಟದ ನಾಚಿಕೆ ಅವನನ್ನು ನೆನೆದು ಹುಟ್ಟಿತು. ಮೂವರೂ ತೋಳೇರಿಸಿ ಉಜ್ಜಿದರು.

ಹೆಂಡತಿಗೆ ತಾನು ಒಂದು ದಿನ ಪೂರ್ತಿ ರಜೆ ಕೊಟ್ಟ ಕಥೆಯನ್ನು ಕರುಣಾಕರ ಈಗ ದೋಸೆಗೆ ಬಂದವರಿಗೆಲ್ಲ ಹೇಳುತ್ತಾನೆ. ಕೇಳಿದವರು ತಲೆದೂಗುತ್ತಾರೆ. ರೆಸ್ಟೋರೆಂಟಿಗೆ ಸೋಮವಾರ ವಾರದ ರಜೆ. ಲಾಡ್ಜಿನಲ್ಲಿ ಹೇಳಿ ಸುಗಂಧಿಯೂ ಅದೇ ದಿನ ಬಿಡುವು ಮಾಡಿಕೊಂಡಿದ್ದಾಳೆ. ಜಲಜಾಕ್ಷಿಯ ಜೊತೆ ಬಾರ್ಕಿಂಗ್‌ನಲ್ಲಿ ರೈಲು ಹತ್ತಿ ಸೌತೆಂಡ್‌ಗೆ ಹೋಗುತ್ತಾಳೆ. ಕೆಸರಿನ ಕಡಲು, ಕೋಟು ಬಿಚ್ಚಲಾಗದ ಚಳಿ. ಇಬ್ಬರೂ ಬೆಂಚಿನಲ್ಲಿ ಕೂತು ಬಿಸಿ ಚಿಪ್ಸ್ ತಿನ್ನುತ್ತಾರೆ.

ಊಟದ ಹೊತ್ತಿಗೆ ಫೋನು ಬರುತ್ತದೆ.

"ಇಬ್ರಿಗೆ ಅಕ್ಕಿ ಎಷ್ಟ್ ಹಾಕುದ್?" ಬೀದಿಗೆಲ್ಲ ಬೇಯಿಸಿ ಹಾಕುವ ಕರುಣಾಕರ ಕೇಳುತ್ತಾನೆ.

"ಮಗಳತ್ರ ಕೇಣಿ, ಅವ್ಳಿಗೆ ಹಸಿವು ಎಷ್ಟಿತ್ತಂದ್," ಎಂದು ಸುಗಂಧಿ ಫೋನಿಟ್ಟು, ಚಿಪ್ಸಿಗೆ ಇನ್ನಷ್ಟು ವಿನೆಗರ್ ಸುರಿದುಕೊಳ್ಳುತ್ತಾಳೆ.